ಏಳನೆಯ ಹಲಗೆಯ ತೂಕ

ಏಳನೆಯ ಹಲಗೆ ಮತ್ತೆ ಊದಿಕೊಂಡಿತ್ತು!

"ನಿನ್ನೆಗಿಂತ ಹದಿನೆಂಟು ಗ್ರಾಂ ಜಾಸ್ತಿ!" ಬಿದಿರಮ್ಮ ತಕ್ಕಡಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಳು. ಬಿದಿರು ಸೀಳಿ, ಅಂಟು ಹಚ್ಚಿ, ಒತ್ತಿ, ಮನೆಗೋಡೆಗಾಗುವ ಹಲಗೆ ಮಾಡುವುದು ಅವಳ ಮೂರು ವರ್ಷದ ಸಂಶೋಧನೆ. ಪ್ರಯೋಗಾಲಯದಲ್ಲಿ ಅವಳಿಗೆ ಆ ಹೆಸರು ಬಿದ್ದದ್ದೂ ಅದರಿಂದಲೇ. ಹಗಲೂ ರಾತ್ರಿ ಫ್ಯಾನು ತಿರುಗುತ್ತ ಸದಾ ಒಂದೇ ಹದದ ಗಾಳಿಯಾಡುವ ಕೋಣೆಯಲ್ಲಿಟ್ಟ ಹಲಗೆಯ ತೂಕ ಏರದೆ ಇಳಿಯದೆ ನಿಂತರೆ ಮಾತ್ರ ಅದನ್ನು ಮುರಿದು ಬಲ ಪರೀಕ್ಷಿಸಬಹುದು. ಹನ್ನೆರಡರಲ್ಲಿ ಹನ್ನೊಂದು ನಿಂತಿದ್ದವು. ಈ ಹಾಳು ಏಳನೆಯದು ಮಾತ್ರ ಮಂಗಳವಾರ, ಶುಕ್ರವಾರ ಬಂತೆಂದರೆ ನೀರು ಕುಡಿಯುತ್ತಿತ್ತು.

"ಬಿದಿರು ನಂಬಬೇಡ ಅಂತ ಮೊದಲೇ ಹೇಳಿರ್ಲಿಲ್ವಾ?" ಎಂದರು ಸಾಹೇಬರು, ಪ್ರಯೋಗಾಲಯದ ಮುಖ್ಯಸ್ಥರು. "ಇವತ್ತೇ ಈ ಯೋಜನೆ ಮುಚ್ಚಿಬಿಡೋಣ."

ಬಿದಿರಮ್ಮನಿಗೆ ಅಳು ಬಂತು. ಓಡಿಹೋಗಿ ಮೂಗು ಮೇಸ್ತ್ರಿಯನ್ನು ಕರೆತಂದಳು. ಹಲಗೆ ಕೊಯ್ಯುವ ಬಡಗಿ ಆತ. ಮೂಸಿ ನೋಡಿಯೇ ಮರ ಯಾವುದೆಂದು ಹೇಳುವ ಆಸಾಮಿ.

"ಕೋಣೆ ಬೀಗದ ಕೈ ಯಾರ ಹತ್ರ?" ಎಂದ ಮೇಸ್ತ್ರಿ.

"ನನ್ನ ಹತ್ರ, ಕಾವಲುಗಾರನ ಹತ್ರ, ಸಾಹೇಬ್ರ ಹತ್ರ."

"ಅಯ್ಯೋ, ನಾನು ಒಳಗೇ ಹೋಗಲ್ಲ!" ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಹೌಹಾರಿದ. "ಆ ಫ್ಯಾನು ನಮ್ಮ ಮಾವ ಮಾತಾಡ್ದಂಗೆ — ನಿಲ್ಲೋದೇ ಇಲ್ಲ!"

ಮೇಸ್ತ್ರಿ ಹಲಗೆಯನ್ನೆತ್ತಿ ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ. ಮತ್ತೆ ಮೂಸಿದ.

"ಸಾಹೇಬ್ರೇ, ಹೊಟ್ಟೆ ಕರಗಿಸೋಕೆ ಡಾಕ್ಟ್ರು ಈಜೋಕೆ ಹೇಳಿದ್ರಲ್ಲ — ವಾರಕ್ಕೆ ಎಷ್ಟು ದಿನ?"

"ಎರಡು. ಯಾಕೆ?"

"ಮಂಗಳವಾರ, ಶುಕ್ರವಾರ ಬೆಳಿಗ್ಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಸಾಹೇಬರ ಕೈ ಸೀದಾ ಹೆಗಲಿನ ಚೀಲಕ್ಕೆ ಹೋಯಿತು.

"ಎಲ್ಲರೂ ಹಲಗೇನ ತೂಗಿದ್ರಿ, ಯಾರೂ ಮೂಸ್ಲಿಲ್ಲ," ಎಂದ ಮೇಸ್ತ್ರಿ. "ಇದು ಬಿದಿರಿನ ವಾಸನೆ ಅಲ್ಲ, ಈಜುಕೊಳದ ಕ್ಲೋರಿನ್! ಫ್ಯಾನಿಗೆ ಎದುರಾಗಿರೋದು ಏಳನೇ ಹಲಗೆ ಒಂದೇ. ಒದ್ದೆ ಟವೆಲ್ ಹರವೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಬೇಲೀನೇ ಎದ್ದು ಹೊಲ ಮೇಯ್ದಿದೆ ಕಣಮ್ಮ."

ಸಾಹೇಬರು ಕೆಮ್ಮಿದರು. "ಒಂದು ಗಂಟೇಲಿ ಗರಿಗರಿ ಒಣಗ್ತಿತ್ತು..."

ಬಿದಿರಮ್ಮನಿಗೆ ಸಿಟ್ಟು, ಸಮಾಧಾನ ಎರಡೂ ಒಟ್ಟಿಗೆ ಉಕ್ಕಿದವು. "ನನ್ನ ಯೋಜನೆ?"

"ನಡೀಲಿ ಬಿಡಮ್ಮ. ಇನ್ನೊಂದು ತಿಂಗಳು."

"ಆರು ತಿಂಗಳು," ಎಂದಳು ಕಣ್ಣೊರೆಸಿಕೊಳ್ಳುತ್ತ. "ಇಲ್ಲಾಂದ್ರೆ ವರದೀಲಿ ಹಲಗೆ ಊದಿದ ಕಾರಣ ಬರೀಬೇಕಾಗತ್ತೆ — ಟವೆಲ್ಲಿನ ಬಣ್ಣದ ಸಮೇತ."