ಎಡಬಾಗಿಲ ಕೀಲಿಕೈ

ಮಧ್ಯಾಹ್ನ ನರ್ಸ್ ಬಾಗಿಲು ತಟ್ಟಿದಾಗ ಅತ್ತಿಗೆ ಹೊಸ ದಿಂಬಿನ ಗವಸುಗಳ ಹೊಲಿಗೆ ನೋಡುತ್ತಿದ್ದರು. ಅವನ್ನು ತಂದುಕೊಟ್ಟ ಟೈಲರಮ್ಮ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಟೀ ತಂದ ನಾದಿನಿ, ಒಳಬಂದವಳ ಮುಖ ನೋಡಿ ತನ್ನ ಪಾಲಿನ ಲೋಟವನ್ನು ಅವಳ ಕೈಗಿಟ್ಟಳು.

"ಆಂಟಿ, ಮತ್ತೆ ಯಾರೋ ನನ್ನ ಕಾರಲ್ಲಿ ಕೂತು ಹೋಗಿದ್ದಾರೆ."

ನರ್ಸ್ ಎರಡನೇ ಮಹಡಿಯಲ್ಲಿ ಒಬ್ಬಳೇ ಇದ್ದಳು. ರಾತ್ರಿ ಪಾಳಿ ಮಾಡಿ ಹಗಲು ಮಲಗುವವಳು. ಯಾರೋ ಬಳಸಿ ಬಿಟ್ಟ ಆ ಕಾರನ್ನು ಈಚೆಗಷ್ಟೇ ಕೊಂಡಿದ್ದಳು. ಕಟ್ಟಡದಲ್ಲಿ ಏನೇ ಕಳೆದರೂ, ಯಾರಿಗೆ ಏನೇ ಅನುಮಾನ ಬಂದರೂ ಮೂರನೇ ಮಹಡಿಯ ಅತ್ತಿಗೆಯ ಬಳಿಗೇ ಬರುವುದು ರೂಢಿಯಾಗಿತ್ತು.

"ಏನು ಹೋಗಿದೆ?" ಎಂದರು ಅತ್ತಿಗೆ.

"ಏನೂ ಹೋಗಿಲ್ಲ. ಅದೇ ಹೆದರಿಕೆ. ಕದ್ದಿದ್ರೆ ಕಳ್ಳ ಅಂದ್ಕೊಂಡು ಸುಮ್ಮನಾಗಬಹುದಿತ್ತು. ನಾನು ಮಲಗಿರುವಾಗ ಕೆಳಗೆ ನನ್ನ ಕಾರಲ್ಲಿ ಯಾರೋ ಕೂತಿರ್ತಾರೆ ಅಂದ್ರೆ ಕಣ್ಣು ಮುಚ್ಚೋಕಾಗಲ್ಲ. ಸೆಕ್ರೆಟರಿಗೆ ಹೇಳಿದೆ. ವಾಚ್‌ಮನ್ ತಾತನ್ನ ಇವತ್ತು ಸಂಜೆಯೇ ಬಿಡಿಸ್ತಾರಂತೆ."

"ಅವನೇ ಅಂತ ಹೇಗೆ ಗೊತ್ತಾಯ್ತು?"

"ತೊಳೆಯೋಕೆ ಅಂತ ಅವರಿಗೊಂದು ಕೀ ಕೊಟ್ಟಿದ್ದೆ. ಲಾಕು ಮುರಿದಿಲ್ಲ, ಗಾಜು ಒಡೆದಿಲ್ಲ. ಕೇಳಿದ್ರೆ ತಲೆ ತಗ್ಗಿಸಿ ನಿಲ್ತಾರೆ."

ಟೈಲರಮ್ಮ ಲೋಟ ಕೆಳಗಿಟ್ಟಳು. "ಅವರ ಹತ್ರ ಇರೋದು ಬಲಗಡೆ ಬಾಗಿಲಿಂದು ಮಾತ್ರ ಅಲ್ವಾ?" ಎಂದು ಮೆಲ್ಲಗೆ ಹೇಳಿ, ಚೀಲ ಎತ್ತಿಕೊಂಡು ಹೊರಟಳು.

ವಾಚ್‌ಮನ್‌ಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯೇ ಅವನ ಮನೆ. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು. ಕಾರು ನೋಡಲು ನರ್ಸ್, ಅತ್ತಿಗೆ, ನಾದಿನಿ ಮೂವರೂ ನೆಲಮಾಳಿಗೆಗೆ ಇಳಿದಾಗ ಅವನು ಹಾಸಿಗೆಯನ್ನು ಹಗ್ಗದಲ್ಲಿ ಕಟ್ಟುತ್ತಿದ್ದ. ನಾದಿನಿಗೆ ಅತ್ತ ನೋಡಲಾಗಲಿಲ್ಲ.

ನರ್ಸ್ ಗೊಂಚಲು ಹಿಡಿದು ತೋರಿಸಿದಳು. "ಸ್ಟಾರ್ಟ್ ಮಾಡೋಕೆ ಇದು, ಈ ಬಾಗಿಲಿಗೆ ಇದು, ಡಿಕ್ಕಿಗೆ ಇದು. ಎಡಗಡೆ ಬಾಗಿಲಿಗೆ ಕೀನೇ ಇಲ್ಲ. ಒಳಗಿಂದ ಕೈ ಚಾಚಿ ತೆಗೀಬೇಕು."

"ಒಂದು ಕಾರಿಗೆ ಇಷ್ಟೊಂದಾ? ಮೂರು ಮನೆ ಯಜಮಾನಿ ಆದ ಹಾಗಾಯ್ತಲ್ಲೇ," ಎಂದರು ಅತ್ತಿಗೆ.

ನರ್ಸ್ ಮೊದಲ ಬಾರಿಗೆ ನಕ್ಕಳು. ಕುಳ್ಳಗಿದ್ದ ಅವಳು ಎತ್ತರಕ್ಕೆಂದು ಡ್ರೈವರ್ ಸೀಟಿನ ಮೇಲೆ ದಿಂಬು ಹಾಕಿಕೊಂಡಿದ್ದಳು. ಅದು ನಲುಗದೆ, ಅವಳಿಟ್ಟಂತೆಯೇ ಇತ್ತು. ಎಡಗಡೆಯ ಸೀಟು ಮಾತ್ರ ಹಿಂದಕ್ಕೆ ಸರಿದಿತ್ತು.

"ಇನ್ನೊಂದು ವಿಚಿತ್ರ," ಎಂದಳು ನರ್ಸ್. "ಈ ಎಡಗಡೆ ಗಾಜು ನನಗೆ ಯಾವತ್ತೂ ಪೂರ್ತಿ ಏರಿಸೋಕೆ ಆಗಿಲ್ಲ, ಎರಡು ಬೆರಳು ಉಳಿದೇಬಿಡುತ್ತೆ. ಇವತ್ತು ಎದ್ದು ಬಂದು ನೋಡಿದ್ರೆ ಪೂರ್ತಿ ಮುಚ್ಚಿದೆ."

ಅತ್ತಿಗೆ ಎಡಬಾಗಿಲ ಕೀಲಿರಂಧ್ರಕ್ಕೆ ಕಿರುಬೆರಳು ಒತ್ತಿ, ನಾದಿನಿಯ ಮುಂದೆ ಹಿಡಿದರು. ಧೂಳಿಲ್ಲ, ನೀರಿನಂತೆ ತಿಳಿಯಾದ ಎಣ್ಣೆಯ ಪಸೆ. ಆಮೇಲೆ ಕಾರು ಮಾರಿದ ಅಂಗಡಿಯವನಿಗೆ ಫೋನು ಮಾಡಿ, ಹೆಚ್ಚಾಗಿ ಕೇಳಿಸಿಕೊಂಡೇ ಇಟ್ಟರು.

"ಸಂಜೆ ಟೈಲರಮ್ಮ ಇಲ್ಲಿಗೆ ಬರಬೇಕು ಅಂತ ಹೇಳಿ ಬಾ," ಎಂದರು ನಾದಿನಿಗೆ.

"ಗವಸಿನ ಅಳತೆಗೆ ನೆಲಮಾಳಿಗೆಗಾ?"

"ಹೋಗಿ ಬಾರೇ."

ಟೈಲರಮ್ಮನದು ಒಂದೇ ಕೋಣೆ. ಹೊಲಿಗೆ ಮೆಷಿನ್, ಅದರ ಎಣ್ಣೆ ಡಬ್ಬಿ, ಮಂಚ, ಒಂದು ಕುರ್ಚಿ. ನಾದಿನಿ ಸುದ್ದಿ ಹೇಳಿ ಮುಗಿಸಿದ ಮೇಲೂ ಆಕೆ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟೇ ಕುಳಿತಿದ್ದಳು.

ಸಂಜೆ ಎಲ್ಲರೂ ಕಾರಿನ ಸುತ್ತ ನಿಂತರು. ಸೆಕ್ರೆಟರಿಗೆ ಅವಸರ. "ಬೇಗ ಮುಗಿಸಿ ಮೇಡಂ. ಹೊಸಬ ನಾಳೆಯಿಂದ ಬರ್ತಾನೆ."

"ಬೇಗಾನೇ ಮುಗಿಯುತ್ತೆ," ಎಂದರು ಅತ್ತಿಗೆ. "ತಾತನ ಹತ್ರ ಇರೋ ಕೀ ಬಲಬಾಗಿಲಿಂದು. ಅಲ್ಲಿಂದ ಹತ್ತಿ ಎಡಗಡೆಗೆ ಹೋಗಬೇಕಾದ್ರೂ, ಕೈ ಚಾಚಿ ಎಡಬಾಗಿಲು ತೆಗೀಬೇಕಾದ್ರೂ ದಿಂಬು ನಲುಗಬೇಕು. ನಲುಗಿಲ್ಲ. ಅಂದ್ರೆ ಬಂದವರು ಎಡಬಾಗಿಲಿಂದಲೇ ಬಂದಿದ್ದಾರೆ. ಅದಕ್ಕೆ ಕೀ ಇಲ್ಲ ಅಂತೀವಿ. ಆದ್ರೆ ಯಾರೂ ಮುಟ್ಟದ ಲಾಕಿನಲ್ಲಿ ಧೂಳಿರಬೇಕಲ್ಲ, ಎಣ್ಣೆ ಯಾಕಿದೆ?"

"ಹಾಗಾದ್ರೆ ಕೀ ಎಲ್ಲಿಂದ ಬಂತು?" ಎಂದರು ಸೆಕ್ರೆಟರಿ.

"ಕಾರಿನ ಜೊತೆಗೇ ಹುಟ್ಟಿದ್ದು. ಹಿಂದಿನ ಯಜಮಾನ ತೀರಿಕೊಂಡ. ಅವನ ತಮ್ಮ ಕಾರು ಮಾರೋಕೆ ಹೊರಟಾಗ ಕೀ ಸಿಗಲಿಲ್ಲವಂತೆ. ಓಡಿಸೋಕೆ ಬೇಕಾದಷ್ಟು ಲಾಕು ಮಾತ್ರ ಬದಲಾಯಿಸಿ, ಎಡಬಾಗಿಲನ್ನ ಹಾಗೇ ಬಿಟ್ಟ. ಕಳೆದುಹೋದ ಕೀ ಬಾಗಿಲು ತೆಗೆಯಲ್ಲ. ಅದನ್ನ ಆ ಮನೆಯವರೇ ಯಾರೋ ಕೊಡದೆ ಇಟ್ಕೊಂಡಿದ್ದಾರೆ. ಕಾರು ಓಡಿಸದೆ, ಯಾವಾಗಲೂ ಎಡಗಡೆ ಕೂತವರು. ಆ ಗಾಜಿನ ಹಟ ಗೊತ್ತಿದ್ದವರು. ಮನೆಯಲ್ಲಿ ಇಂಥ ತೆಳು ಎಣ್ಣೆ ಇರೋರು. ಮುಂದಿನದನ್ನ ನಾನು ಹೇಳಲ್ಲ."

ವಾಚ್‌ಮನ್ ಹಾಸಿಗೆಯ ಗಂಟನ್ನು ಎತ್ತಿಕೊಂಡ. ಆಗ ಟೈಲರಮ್ಮ ಮುಂದೆ ಬಂದು, ಅಂಚು ಸವೆದ ಒಂದು ಕೀಲಿಕೈಯನ್ನು ಕಾರಿನ ಮೇಲಿಟ್ಟಳು.

"ಅವರದ್ದೇನೂ ತಪ್ಪಿಲ್ಲ. ನಾನೇ," ಎಂದಳು. "ಕೀ ಬಚ್ಚಿಟ್ರೆ ಕಾರು ಮಾರೋಕಾಗಲ್ಲ ಅಂದ್ಕೊಂಡಿದ್ದೆ. ಬಟ್ಟೆ ಕೊಡೋಕೆ ಬಂದಾಗ ಇಲ್ಲಿ ಕಂಡಿತು. ಆಗ ನಮ್ಮದು ತುಂಬಿದ ಮನೆ. ಅತ್ತೆ, ಮಾವ, ಮೈದುನಂದಿರು. ಗಂಡ ಹೆಂಡತಿ ಒಂದು ಮಾತಾಡಬೇಕಂದ್ರೆ ಜಾಗ ಇರಲಿಲ್ಲ. ಅವರು ಕೆಲಸದಿಂದ ಬಂದ ಮೇಲೆ ಈ ಕಾರಲ್ಲೇ ಕೂತು ಮಾತಾಡ್ತಿದ್ವಿ. ಎಲ್ಲಿಗೂ ಹೋಗ್ತಿರಲಿಲ್ಲ."

"ಮಧ್ಯಾಹ್ನ ಬಲಬಾಗಿಲಿನ ಮಾತು ಆಡಿದಿರಲ್ಲ, ಕೀಗಳು ಬೇರೆಬೇರೆ ಅಂತ ಆಗಿನ್ನೂ ಯಾರೂ ಹೇಳಿರಲಿಲ್ಲ," ಎಂದರು ಅತ್ತಿಗೆ. "ತಾತನ ಪರ ನಿಲ್ಲದೆ ಇದ್ದಿದ್ರೆ ನೀವು ನನಗೆ ಸಿಗ್ತಿರಲಿಲ್ಲ."

ಸೆಕ್ರೆಟರಿ ವಾಚ್‌ಮನ್ ಕಡೆ ತಿರುಗಿದರು. "ಹಗಲೆಲ್ಲ ಇಲ್ಲೇ ಇರ್ತೀಯಲ್ಲಯ್ಯ, ನೋಡಲಿಲ್ವಾ?"

"ನೋಡಿದ್ದೆ ಸಾರ್."

"ಮತ್ತೆ ಬಾಯಿ ಬಿಡೋಕೇನು?"

"ಏನೂ ಮುಟ್ಟುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂತು ಹೋಗ್ತಿದ್ರು. ಹೇಳಿದ್ರೆ ಬರೋದು ನಿಂತುಹೋಗ್ತಿತ್ತು."

ಸೆಕ್ರೆಟರಿ ಹಾಸಿಗೆಯ ಗಂಟನ್ನು ತಾವೇ ತೆಗೆದುಕೊಂಡು ಮೆಟ್ಟಿಲ ಕೆಳಗಿನ ಕೋಣೆಯತ್ತ ನಡೆದರು. ನರ್ಸ್ ಕೀಲಿಕೈಯನ್ನು ಗೊಂಚಲಿಗೆ ಸೇರಿಸಿಕೊಂಡಳು.

"ನಾನು ಮಲಗಿರುವಾಗ ಬೇಡಕ್ಕ, ನಿಜವಾಗಲೂ ಭಯ ಆಗುತ್ತೆ," ಎಂದಳು. "ಸಂಜೆ ಎದ್ದಿರ್ತೀನಿ. ಬೆಲ್ ಮಾಡಿ, ಕೆಳಗೆ ಬಂದು ತೆಗೆದುಕೊಡ್ತೀನಿ. ಈಗ ಆ ಗಾಜು ಹೇಗೆ ಏರಿಸೋದು ತೋರಿಸಿ."

ಮೆಟ್ಟಿಲು ಹತ್ತುವಾಗ ನಾದಿನಿ ಕೇಳಿದಳು, "ಎಣ್ಣೆ, ದಿಂಬು ಎಲ್ಲ ಸರಿ ಅತ್ತಿಗೆ. ಯಾರಾದ್ರೂ ಕಾರಲ್ಲಿ ಸುಮ್ಮನೆ ಕೂರೋಕೆ ಬರ್ತಾರೆ ಅಂತ ಹೇಗೆ ಹೊಳೀತು?"

ಅತ್ತಿಗೆ ಕಂಬಿ ಹಿಡಿದು ಉಸಿರು ತೆಗೆದುಕೊಂಡರು. "ನಮಗೆ ಕಾರಿರಲಿಲ್ಲ ಕಣೆ. ನಿಮ್ಮಣ್ಣ, ನಾನು ತಾರಸಿಗೆ ಹೋಗ್ತಿದ್ವಿ, ನೀರಿನ ಟ್ಯಾಂಕಿನ ಪಕ್ಕಕ್ಕೆ."

ನಾದಿನಿಗೆ ಆ ತಾರಸಿ ನೆನಪಿತ್ತು. ಸಂಜೆ ಒಣಗಿದ ಬಟ್ಟೆ ತರಲು ಹೋದಾಗ ಅಲ್ಲಿ ನಿಂತಿರುತ್ತಿದ್ದ ಇಬ್ಬರೂ ನೆನಪಿದ್ದರು. ಅವರು ಯಾವಾಗಲೂ ಸುಮ್ಮನೆ ನಿಂತಿರುತ್ತಾರೆ, ಆಡಲು ಮಾತೇ ಇಲ್ಲವೇನೋ ಎಂದು ಆಗ ಅವಳು ಅಂದುಕೊಂಡಿದ್ದಳು.