ಚಿಪ್ಪುಹಂದಿಯ ಮೂರನೇ ಗಂಟು

ನಕ್ಷೆ ಬರೆಯುವವರು ಇನ್ನೂ ಹುಟ್ಟದ ಕಾಲದಲ್ಲಿ ಮಿಂಚುಗೆರೆ ಎಂಬ ರಾಜ್ಯವಿತ್ತು. ಅಲ್ಲಿ ಮನುಷ್ಯರು ಯುದ್ಧ ಮಾಡುತ್ತಿರಲಿಲ್ಲ. ಜಗಳ ಬಂದರೆ ಮೃಗಗಳನ್ನು ಕಣಕ್ಕೆ ಇಳಿಸುತ್ತಿದ್ದರು. ಗೆದ್ದ ಮೃಗದ ಒಡೆಯ ಹೇಳಿದ್ದೇ ನ್ಯಾಯ. ಸೋತ ಮೃಗ ನಿಂತಲ್ಲೇ ಕಲ್ಲಾಗುತ್ತಿತ್ತು. ಸೋತ ಮನುಷ್ಯ ಮಾತ್ರ ಮನೆಗೆ ಹೋಗಿ ಊಟ ಮಾಡುತ್ತಿದ್ದ.

ಆ ಮೃಗಗಳಿಗೆ ಮಾತು ಬರುತ್ತಿತ್ತು. ಒಂದೊಂದಕ್ಕೂ ಒಂದೊಂದು ಗುಣವಿತ್ತು. ಅದು ಹುಟ್ಟಿನಿಂದ ಬರುವ ಗುಣವಲ್ಲ, ಯೋಚಿಸಿ ಕಟ್ಟುವ ಗುಣ. ಕೆಂಪು ದಾರಕ್ಕೆ ಮೂರು ಗಂಟು ಹಾಕಿ ಮೃಗದ ಕೊರಳಿಗೆ ಕಟ್ಟುತ್ತಿದ್ದರು. ಗುಣ ಯಾವಾಗ ಕೆಲಸ ಮಾಡಬೇಕು ಎಂಬುದು ಮೊದಲ ಗಂಟು. ಏನಾಗಬೇಕು ಎಂಬುದು ಎರಡನೆಯದು. ಅದಕ್ಕಾಗಿ ಏನು ಕಳೆದುಕೊಳ್ಳಬೇಕು ಎಂಬುದು ಮೂರನೆಯದು. ಮೂರನೆಯದಿಲ್ಲದಿದ್ದರೆ ದಾರ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಕಣದಲ್ಲಿ ಮೊದಲೆರಡು ಗಂಟನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಮೂರನೆಯದನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದರು. ಅದನ್ನು ಕೇಳುವುದು ಮರ್ಯಾದೆಯಲ್ಲ. ನೆಂಟರ ಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡಿದ ಹಾಗೆ.

ಅರಮನೆಯ ಮೃಗಗಳಿಗೆ ಗುಣ ಕಟ್ಟುತ್ತಿದ್ದವಳು ಮುದ್ದಾಜಿ. ಕೆಲಸವನ್ನು ಅತ್ತೆ ಹಲಗವ್ವನಿಂದ ಕಲಿತಿದ್ದಳು, ಬೈಗುಳದ ಸಮೇತ. ಅವಳಿಗೆ ಎರಡು ವರ್ಷದ ಮಗಳಿದ್ದಳು, ಹೆಸರು ಚಿಗುರಿ. ಸುಮ್ಮಸುಮ್ಮನೆ ನಗುವ ಮಗು.

ಒಂದು ದಿನ ಉರಿಗಣ್ಣ ಎಂಬ ಮಾಂತ್ರಿಕ ಗವಿಹುಲಿಯೊಂದನ್ನು ಹಿಡಿದುಕೊಂಡು ಬಂದ. "ಮೂರು ಕಣ ಗೆದ್ದವನಿಗೆ ಸಿಂಹಾಸನ. ನಿಮ್ಮದೇ ಕಾನೂನು," ಎಂದ. ರಾಜ ಬೊಮ್ಮರಸನಿಗೆ ಆ ಕಾನೂನು ಮರೆತೇ ಹೋಗಿತ್ತು. ಆದರೆ ಅದನ್ನು ಅವನ ತಲೆಯ ಮೇಲೇ, ಸಿಂಹಾಸನದ ಮೇಲಿನ ಕಲ್ಲಿನಲ್ಲಿ, ಕೆತ್ತಿದ್ದರು.

ಮೊದಲ ಕಣಕ್ಕೆ ಮುದ್ದಾಜಿ ಸಿಡಿಲಾನೆಗೆ ದಾರ ಕಟ್ಟಿದಳು. ಕಾಲು ಅಪ್ಪಳಿಸಿದಾಗ ಸಿಡಿಲು ಬೀಳಬೇಕು, ಅದಕ್ಕಾಗಿ ಆನೆಗೆ ಏಳು ದಿನ ಕಿವಿ ಕೇಳಿಸಬಾರದು. ಉರಿಗಣ್ಣ ತನ್ನ ದಾರ ಓದಿದ. "ಏಟು ಬಿದ್ದಾಗ, ಬಿದ್ದ ಏಟು ಎರಡರಷ್ಟಾಗಿ ಹಿಂದಿರುಗುತ್ತದೆ." ಮೂರನೆಯದರ ಮೇಲೆ ಹೆಬ್ಬೆರಳಿಟ್ಟ. ಆನೆ ಕಾಲು ಅಪ್ಪಳಿಸಿತು. ಒಂದು ಸಿಡಿಲು ಹೋಯಿತು, ಎರಡು ಬಂದವು. ಆನೆ ಕಲ್ಲಾಯಿತು.

ಮನೆಗೆ ಬಂದರೆ ಚಿಗುರಿ ನಗಲಿಲ್ಲ. ಕಂಕುಳಲ್ಲಿ ಕಚಗುಳಿ ಇಟ್ಟರೂ ನಗಲಿಲ್ಲ.

"ಹಲ್ಲು ಬರ್ತಿರಬೇಕು," ಎಂದಳು ಹಲಗವ್ವ.

"ಎಲ್ಲಾ ಹಲ್ಲೂ ಬಂದಾಗಿದೆ ಅತ್ತೆ. ಮೊನ್ನೆ ನಿಮ್ಮ ಬೆರಳನ್ನೇ ಕಚ್ಚಿದ್ದಳಲ್ಲ."

ಎರಡನೇ ಕಣಕ್ಕೆ ಮುದ್ದಾಜಿ ಮಂಜುಹದ್ದಿಗೆ ದಾರ ಕಟ್ಟಿದಳು. ಹುಲಿಯ ಹತ್ತಿರ ಹೋಗದೆ ಆಕಾಶದಿಂದಲೇ ಉಸಿರು ಬಿಡಬೇಕು, ಕೆಳಗಿದ್ದದ್ದು ಹೆಪ್ಪುಗಟ್ಟಬೇಕು, ಅದಕ್ಕಾಗಿ ಗರಿಗಳು ಉದುರಬೇಕು. ಮೊದಲಿಗಿಂತ ದೊಡ್ಡ ಗುಣ. ಹದ್ದು ಉಸಿರು ಬಿಟ್ಟಿತು. ಅದರ ಎರಡರಷ್ಟು ಮಂಜು ಮೇಲಕ್ಕೆ ಹೋಯಿತು. ಹದ್ದು ಕಲ್ಲಾಗಿ ಕೆಳಗೆ ಬಿತ್ತು.

ಆ ಹೊತ್ತಿಗೆ ಚಿಗುರಿ ಅಜ್ಜಿಯ ತೊಡೆಯ ಮೇಲೆ ಕೂತು ಬೆಲ್ಲ ಬೇಕೆಂದು ಹಟ ಮಾಡುತ್ತಿದ್ದಳು. ಹದ್ದು ನೆಲಕ್ಕೆ ಬಿದ್ದ ಸದ್ದಿಗೆ ಅವಳ ಮಾತು ನಿಂತಿತು. ಬಾಯಿ ತೆರೆದಳು, ದನಿ ಬರಲಿಲ್ಲ. ಅಂದು ಊರಿನ ಯಾವ ಮಗುವೂ ಅಳಲಿಲ್ಲ. ವೈದ್ಯರು ಗಾಳಿ ಬದಲಾಗಿದೆ ಎಂದರು. ಕೆಲವರು ಊರು ಎಷ್ಟು ತಣ್ಣಗಿದೆ ಎಂದು ಸಂತೋಷವನ್ನೂ ಪಟ್ಟರು. ಅವರ ಮನೆಯಲ್ಲಿ ಮಕ್ಕಳಿರಲಿಲ್ಲ.

ಮುದ್ದಾಜಿ ಎರಡು ಕಣಗಳನ್ನೂ ಎರಡು ನಷ್ಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಮರುದಿನ ಮಧ್ಯಾಹ್ನ ಉರಿಗಣ್ಣ ಅರಮನೆಯಲ್ಲಿ ಊಟಕ್ಕೆ ಕೂತಾಗ ಹುಲಿಯ ಬೋನಿನ ಹತ್ತಿರ ಹೋದಳು.

"ಎರಡು ಕಣ ಗೆದ್ದೆಯಲ್ಲ, ನೀನೇನು ಕಳೆದುಕೊಂಡೆ?"

"ಒಂದು ಮೀಸೆಯ ಕೂದಲೂ ಇಲ್ಲ," ಎಂದಿತು ಹುಲಿ. "ಇಷ್ಟು ದಿನ ಯಾರೂ ಕೇಳಲಿಲ್ಲ. ನೀವು ತುಂಬಾ ಮರ್ಯಾದಸ್ಥರು."

"ಹಾಗಾದರೆ ಕಳೆದುಕೊಂಡದ್ದು ಯಾರು?"

"ನಿಮ್ಮೂರಿನ ಮಕ್ಕಳು. ನನ್ನ ಮೂರನೇ ಗಂಟಿನಲ್ಲಿ ಮೂರು ಎಳೆ ಇವೆ. ಮೊದಲ ಕಣಕ್ಕೆ ನಗು, ಎರಡನೆಯದಕ್ಕೆ ದನಿ, ಮೂರನೆಯದಕ್ಕೆ ಕಣ್ಣು. ಮುಚ್ಚಿದ ಕಣ್ಣು ಮತ್ತೆ ತೆರೆಯುವುದಿಲ್ಲ."

"ನಿನಗೆ ಏನೂ ಅನ್ನಿಸುವುದಿಲ್ಲವಾ?"

"ಅನ್ನಿಸುತ್ತದೆ. ಆದರೆ ದಾರ ಕಟ್ಟಿದವನ ಬೆರಳಿಗೆ ಮಾತ್ರ ಬಿಚ್ಚುತ್ತದೆ, ಹುಲಿಗಂತೂ ಬೆರಳೇ ಇಲ್ಲ."

ಮುದ್ದಾಜಿ ಮನೆಗೆ ಬಂದು ಅತ್ತೆಗೆ ಹೇಳಿದಳು. ಹಲಗವ್ವ ಮೊದಲು ಎದೆ ಹಿಡಿದುಕೊಂಡದ್ದು ಮಕ್ಕಳ ವಿಷಯಕ್ಕಲ್ಲ. "ಮೂರನೇ ಗಂಟು ಕೇಳಿದೆಯೇನೇ? ನಮ್ಮ ಮನೆತನದಲ್ಲಿ ಯಾರೂ ಕೇಳಿಲ್ಲ."

"ಅದಕ್ಕೇ ನಿಮ್ಮ ಮೊಮ್ಮಗಳು ಮೂಕಿಯಾಗಿ ಕೂತಿದ್ದಾಳೆ. ಮರ್ಯಾದೆಯನ್ನು ಅವಳ ತೊಟ್ಟಿಲಿಗೆ ಹಾಸಿ ಮಲಗಿಸೋಣವಾ?"

ಹಲಗವ್ವ ಮಗುವಿನ ಬಾಯಿಗೆ ಬೆಲ್ಲದ ಚೂರು ಇಟ್ಟಳು. ಮಗು ಸದ್ದಿಲ್ಲದೆ ಚೀಪಿತು.

ಅರಮನೆಯ ಲಾಯದಲ್ಲಿ ಈಗ ಉಳಿದಿದ್ದದ್ದು ಒಂದು ಚಿಪ್ಪುಹಂದಿ ಮಾತ್ರ. ಗೆದ್ದಲು ತಿನ್ನಲೆಂದು ಸಾಕಿದ್ದರು. ಯಾರೂ ಅದಕ್ಕೆ ಗುಣ ಕಟ್ಟಿರಲಿಲ್ಲ.

"ನನ್ನಿಂದೇನಾಗುತ್ತದೆ ತಾಯಿ?" ಎಂದಿತು ಚಿಪ್ಪುಹಂದಿ. "ಹೆದರಿದರೆ ಉಂಡೆಯಾಗುತ್ತೇನೆ. ನನ್ನ ವಿದ್ಯೆ ಅಷ್ಟೇ."

"ಬಲ ಬೇಡ. ಬಲ ಹಾಕಿಹಾಕಿಯೇ ಎರಡು ಮೃಗಗಳನ್ನು ಕಲ್ಲು ಮಾಡಿದೆ. ಜೋರಾಗಿ ಹೊಡೆದಷ್ಟೂ ಜೋರಾಗಿ ಬರುತ್ತದೆ ಎಂದು ಹೊಳೆಯಲು ನನಗೆ ಎರಡು ಕಣ ಬೇಕಾಯಿತು."

"ಹೊಡೆಯದೆ ಕೂತರೆ?"

"ಸವಾಲು ಹಾಕಿದವನ ಮೃಗ ಸುಮ್ಮನೆ ನಿಲ್ಲಬಹುದು, ಎದುರಿನದು ಹೊಡೆಯದಿದ್ದರೆ ಸೋತಂತೆ. ಸಿಂಹಾಸನ ಅವನದಾಗುತ್ತದೆ. ಆಮೇಲೆ ದಿನಕ್ಕೊಂದು ಕಣ ಇಡುತ್ತಾನೆ. ನೀನು ಒಮ್ಮೆಯಾದರೂ ಮುಟ್ಟಬೇಕು. ಹುಲಿಯ ಗುಣ ಎದ್ದಾಗಲೇ ನಿನ್ನದೂ ಏಳುವುದು. ನಾನು ಗಂಟು ಸರಿಯಾಗಿ ಹಾಕಿದ್ದರೆ ಮಕ್ಕಳು ಉಳಿಯುತ್ತಾರೆ. ತಪ್ಪಾಗಿ ಹಾಕಿದ್ದರೆ ಅವರ ಕಣ್ಣು ಮುಚ್ಚುತ್ತದೆ."

"ನನ್ನ ಮೂರನೇ ಗಂಟು ಯಾವುದು?"

ಮುದ್ದಾಜಿ ದಾರ ಕೆಳಗಿಟ್ಟಳು. "ಅದನ್ನು ನೀನೇ ಹೇಳಬೇಕು. ಗುಣ ದೊಡ್ಡದು. ಸಣ್ಣ ಬೆಲೆಗೆ ನಿಲ್ಲುವುದಿಲ್ಲ."

ಚಿಪ್ಪುಹಂದಿ ಸ್ವಲ್ಪ ಹೊತ್ತು ಗೆದ್ದಲು ತಿಂದಿತು. ಆಮೇಲೆ ಹೇಳಿತು, "ನನ್ನ ಮಾತು ಹೋಗಲಿ. ಗುಣವೂ ಹೋಗಲಿ. ಮತ್ತೆ ಕಾಡಿನ ಚಿಪ್ಪುಹಂದಿಯಾಗುತ್ತೇನೆ. ಇಲ್ಲಿ ಹೇಗೂ ನನ್ನನ್ನು ಮಾತಾಡಿಸುವವರು ಕಡಿಮೆ."

ಮೂರನೇ ಕಣದ ದಿನ ಊರೆಲ್ಲ ಸೇರಿತು. ಚಿಪ್ಪುಹಂದಿಯನ್ನು ನೋಡಿ ಉರಿಗಣ್ಣ ಕೇಳಿದ, "ಇದೇನಮ್ಮ, ದಾರಿಯಲ್ಲಿ ಬಿದ್ದಿತ್ತಾ?"

ಮುದ್ದಾಜಿ ದಾರ ಎತ್ತಿ ಹಿಡಿದಳು. "ಎದುರಾಳಿಯ ಗುಣ ಎದ್ದಾಗ, ಅದಕ್ಕೆ ಬೇರೆಯವರು ತೆತ್ತ ಬೆಲೆಯೆಲ್ಲ, ಹಳೆಯದೂ ಸೇರಿ, ಆ ಗುಣದ ದಾರ ಕಟ್ಟಿದವನ ಮೇಲೆ ಬೀಳುತ್ತದೆ." ಅಷ್ಟಕ್ಕೆ ನಿಲ್ಲಿಸಲಿಲ್ಲ. ಹೆಬ್ಬೆರಳು ತೆಗೆದಳು. "ಇದಕ್ಕಾಗಿ ಈ ಚಿಪ್ಪುಹಂದಿ ತನ್ನ ಮಾತನ್ನೂ ಗುಣವನ್ನೂ ಕಳೆದುಕೊಳ್ಳುತ್ತದೆ. ನನ್ನದು ಓದಿಯಾಯಿತು ಉರಿಗಣ್ಣ. ನಿನ್ನ ಮೂರನೆಯದು ಓದು."

ಜನ ತಲೆ ತಗ್ಗಿಸಿದರು. ರಾಜ ಕಿರೀಟ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡ.

"ಇವಳನ್ನು ಹೊರಗೆ ಕಳಿಸಿ," ಎಂದ ಉರಿಗಣ್ಣ. "ಹೆಂಗಸಿಗೆ ಮನೆಯವರು ಮರ್ಯಾದೆ ಕಲಿಸಿಲ್ಲ."

ಆಗ ಹಲಗವ್ವ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. "ಕಲಿಸಿದವಳು ನಾನು. ತಪ್ಪು ಕಲಿಸಿದ್ದೆ. ಅವಳು ಕೇಳಿದ್ದಾಳೆ, ಓದಪ್ಪ."

ಒಬ್ಬ ತಾಯಿ ಎದ್ದಳು. ಅವಳ ಪಕ್ಕದವಳೂ ಎದ್ದಳು. "ಓದು," ಎಂದರು. ಉರಿಗಣ್ಣ ಓದಲಿಲ್ಲ. ಹುಲಿಯ ಕಿವಿಯಲ್ಲಿ ಪಿಸುಗುಟ್ಟಿದ, "ಏಟು ಬಿದ್ದರೆ ತಾನೇ ಗುಣ ಏಳುವುದು? ಬೀಳದಂತೆ ತಪ್ಪಿಸಿಕೋ. ನೀನೇ ಮೊದಲು ಹೊಡೆ."

"ತಪ್ಪಿಸಿಕೊಳ್ಳುವುದನ್ನು ನೀನು ನನಗೆ ಕಲಿಸಿಲ್ಲ," ಎಂದಿತು ಹುಲಿ. "ಹೊಡೆಯುವುದನ್ನೂ ಕಲಿಸಿಲ್ಲ. ಇಷ್ಟು ದಿನ ಬರೀ ನಿಂತಿದ್ದೆ."

ಗಂಟೆ ಬಾರಿಸಿದರು. ಚಿಪ್ಪುಹಂದಿ ನಿಧಾನವಾಗಿ ನಡೆದು ಬಂತು. ಹುಲಿ ಬಲಕ್ಕೆ ಸರಿಯಲು ಹೋಗಿ ತನ್ನದೇ ಬಾಲ ತುಳಿಯಿತು. ಚಿಪ್ಪುಹಂದಿಯ ನಾಲಿಗೆ ಅದರ ಮೈಯಷ್ಟೇ ಉದ್ದ. ಅದನ್ನು ಚಾಚಿ ಹುಲಿಯ ಮೂಗನ್ನು ಒಮ್ಮೆ ನೆಕ್ಕಿತು.

ಅದೇ ಏಟು. ಎರಡರಷ್ಟಾಗಿ ಹಿಂದಿರುಗಿತು. ಕಣ್ಣಿಗೆ ಕಾಣದ ನಾಲಿಗೆಯೊಂದು ಚಿಪ್ಪುಹಂದಿಯನ್ನು ಎರಡು ಸಲ ನೆಕ್ಕಿತು. ಚಿಪ್ಪುಹಂದಿ ಉಂಡೆಯಾಯಿತು, ಕಲ್ಲಾಗಲಿಲ್ಲ.

ಮುದ್ದಾಜಿ ಕಣವನ್ನು ನೋಡಲಿಲ್ಲ. ಮಗಳ ಕಣ್ಣುಗಳನ್ನು ನೋಡುತ್ತಿದ್ದಳು. ರೆಪ್ಪೆಗಳು ಕೆಳಗಿಳಿದವು. ಅರ್ಧಕ್ಕೆ ನಿಂತವು. ಮತ್ತೆ ಮೇಲೆದ್ದವು.

ಕಣದ ಆ ತುದಿಯಲ್ಲಿ ಉರಿಗಣ್ಣನ ಮುಖದಿಂದ ನಗು ಹೋಯಿತು. ಏನೋ ಹೇಳಲು ಬಾಯಿ ತೆರೆದ, ದನಿ ಹೋಯಿತು. ಆಮೇಲೆ ಕಣ್ಣು ಮುಚ್ಚಿತು. ಗೋಡೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಹುಲಿಯ ಕೊರಳಿನ ದಾರ ಸುಟ್ಟು ಬೂದಿಯಾಯಿತು. ಮೋಸದ ದಾರ ಗೆದ್ದದ್ದೆಲ್ಲ ಅದರೊಂದಿಗೇ ಹೋಯಿತು. ಆನೆಯೂ ಹದ್ದೂ ಕಲ್ಲಿನಿಂದ ಎದ್ದು ಮೈ ಕೊಡವಿದವು.

ಹುಲಿ ಸೋತಿತ್ತು, ಆದರೂ ಕಲ್ಲಾಗಲಿಲ್ಲ. ದಾರವಿಲ್ಲದ ಮೃಗಕ್ಕೆ ಕಣದ ಕಾನೂನು ತಾಗದು. ಅದು ಮೂಗು ಒರೆಸಿಕೊಂಡು ಗವಿಗೆ ಹೊರಟುಹೋಯಿತು.

ಆಮೇಲೆ ಊರಿನಲ್ಲಿ ಒಂದೇ ಸಲಕ್ಕೆ ಅಳು ಎದ್ದಿತು. ಏಳು ದಿನಗಳಿಂದ ಉಳಿಸಿಕೊಂಡಿದ್ದ ಅಳು. ತಾಯಂದಿರು ಅದನ್ನು ಹಬ್ಬದ ವಾದ್ಯದಂತೆ ಕೇಳಿದರು. ಚಿಗುರಿ ಅಜ್ಜಿಯ ಸೊಂಟದಿಂದ ಕಿರುಚಿದಳು, "ಬೆಲ್ಲಾ."

ಮುದ್ದಾಜಿ ಕಣಕ್ಕೆ ಇಳಿದು ಉಂಡೆಯ ಪಕ್ಕ ಕೂತಳು. "ಗೆದ್ದೆ ಕಣೋ," ಎಂದಳು. ಉಂಡೆ ಬಿಚ್ಚಿಕೊಂಡಿತು. ಎರಡು ಪುಟ್ಟ ಕಣ್ಣುಗಳು ಅವಳನ್ನು ನೋಡಿದವು. ಅವುಗಳಲ್ಲಿ ಮಾತಿರಲಿಲ್ಲ. ಹಸಿವಿತ್ತು. ಅವಳು ಅದನ್ನು ಎತ್ತಿಕೊಂಡು ಊರಾಚೆಯ ಹುತ್ತಗಳ ಹತ್ತಿರ ಬಿಟ್ಟು ಬಂದಳು. ಅದು ಹಿಂದಿರುಗಿ ನೋಡಲಿಲ್ಲ. ಚಿಪ್ಪುಹಂದಿಗಳು ನೋಡುವುದಿಲ್ಲ.

ಬೊಮ್ಮರಸ ಸಿಂಹಾಸನದ ಮೇಲಿನ ಕಾನೂನನ್ನು ಅಳಿಸಿ ಹೊಸದನ್ನು ಕೆತ್ತಿಸಿದ. ಮೂರು ಗಂಟನ್ನೂ ಓದಬೇಕು, ಓದದವನು ಕಣಕ್ಕೆ ಇಳಿಯುವಂತಿಲ್ಲ. ಅಂದಿನಿಂದ ಮಿಂಚುಗೆರೆಯಲ್ಲಿ ಕಣಗಳು ಕಡಿಮೆಯಾದವು. ಬೆಲೆ ಕೇಳಿದ ಮೇಲೆ ಅರ್ಧ ಜನ ಜಗಳವೇ ಬೇಡವೆಂದು ಮನೆಗೆ ಹೋಗುತ್ತಿದ್ದರು. ರಾಜ, ಪ್ರಜೆ, ಆನೆ, ಹದ್ದು ಎಲ್ಲರೂ ಸುಖವಾಗಿದ್ದರು. ಅತ್ತೆ ಸೊಸೆಯರೂ ಸುಖವಾಗಿದ್ದರು, ಬೈದುಕೊಂಡು.

ಚಿಗುರಿ ಬೆಳೆದು ಓರಗೆಯವರೊಡನೆ ಮಣ್ಣಿನ ಮೃಗಗಳನ್ನಿಟ್ಟು ಕಣದ ಆಟ ಆಡುತ್ತಿದ್ದಳು. "ನನ್ನದು ಬೆಂಕಿ ಉಗುಳುತ್ತೆ," ಎಂದು ಯಾರಾದರೂ ಹೇಳಿದರೆ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದಳು, "ಸರಿ. ಅದಕ್ಕೆ ಯಾರು ಏನು ಕೊಡ್ತಾರೆ?"

ಹೇಳುವವರೆಗೂ ಆಟ ಶುರುವಾಗುತ್ತಿರಲಿಲ್ಲ.