ಟಾರ್ಪಾಲು ಹೊದ್ದ ಪಂಪು

"ಕತ್ತಲಾಗೋದ್ರೊಳಗೆ ಪಂಪು ಗುಹೆ ಬಾಯಿಗೆ ಮುಟ್ಬೇಕು. ಇಲ್ಲಾಂದ್ರೆ ಅವ್ರು ಕೂತಿರೋ ಬಂಡೆಯೂ ಮುಳುಗುತ್ತೆ."

ಹಗ್ಗದಣ್ಣ ಇಷ್ಟು ಹೇಳಿ ಜೀಪಿಗೆ ಪೈಪಿನ ಸುರುಳಿಗಳನ್ನು ಏರಿಸತೊಡಗಿದ. ಬೆಟ್ಟ, ಬಾವಿ, ಗುಹೆಗಳಲ್ಲಿ ಸಿಕ್ಕಿಬಿದ್ದವರನ್ನು ಹಗ್ಗ ಕಟ್ಟಿ ಮೇಲೆತ್ತುವುದೇ ಅವನ ಕೆಲಸ. ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇರುವುದಿಲ್ಲವೆಂದು ಊರಿಗೇ ಗೊತ್ತು. ಗುಹೆಯ ನಕ್ಷೆ ತೆಗೆಯಲು ಹೋದವರ ಹಿಂದೆ ಮಳೆನೀರು ನುಗ್ಗಿ, ಬಗ್ಗಿ ನಡೆಯಬೇಕಾದ ದಾರಿ ತುಂಬಿಹೋಗಿತ್ತು. ಬಂಡೆಯ ಬಿರುಕೊಂದರಿಂದ ಅವರ ಕೂಗು ಇನ್ನೂ ಕೇಳುತ್ತಿದೆಯೆಂದು ಬೆಟ್ಟದ ಮೇಲಿನವರು ವೈರ್‌ಲೆಸ್ಸಿನಲ್ಲಿ ತಿಳಿಸಿದ್ದರು. ಜನರೇಟರು ಅಲ್ಲೇ ಇತ್ತು. ಇಲ್ಲದ್ದು ಪಂಪು.

ಒಳಗಿದ್ದವರಲ್ಲಿ ಒಬ್ಬ ಅಕ್ಕನ ತಮ್ಮ. ಪಂಪು ಬಾಡಿಗೆಗೆ ಕೊಡುವ ಅಂಗಡಿಯ ಪಿಕಪ್ ಗಾಡಿ ಓಡಿಸುವ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದೇ ಅಕ್ಕ ಎಂದು. ಅಂಗಡಿ ಅವಳ ಸೋದರಮಾವನದು. ಕೆಟ್ಟ ಪಂಪನ್ನು ಕಿವಿಗೊಟ್ಟು ಕೇಳಿಯೇ ರೋಗ ಹೇಳಬಲ್ಲ ಮಾವ, ಮನುಷ್ಯರ ಮಾತನ್ನು ಮಾತ್ರ ಅರ್ಧಕ್ಕೇ ತಡೆಯುತ್ತಿದ್ದ.

ಅಕ್ಕ ಟೈರು ಒತ್ತಿ ನೋಡಿದಳು. ವೈಪರಿನ ರಬ್ಬರು ಒರೆಸಿದಳು. ಪಂಪಿಗೆ ಟಾರ್ಪಾಲು ಹೊದಿಸಿ, ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

"ಆಯ್ತೇನೇ? ಇಲ್ಲ, ದೃಷ್ಟಿಬೊಟ್ಟೂ ಇಡ್ಬೇಕಾ?" ಎಂದ ಮಾವ.

"ಸುಮ್ನೆ ಹತ್ತಿ ಮಾವ. ಬೆಲ್ಟ್ ಹಾಕ್ಕೊಳ್ಳಿ."

ಪಿಕಪ್ ಮುಂದೆ, ಹಗ್ಗದಣ್ಣನ ಜೀಪು ಹಿಂದೆ. ಊರು ದಾಟುತ್ತಲೇ ರಸ್ತೆ ಬೆಟ್ಟಕ್ಕೆ ಸುತ್ತಿಕೊಂಡು ಏರಿ, ಕಣಿವೆಗಿಳಿದು, ಮತ್ತೆ ಏರುತ್ತಿತ್ತು. ಒಂದು ಕಡೆ ನೀರು ಜಿನುಗುವ ಕಲ್ಲಿನ ಗೋಡೆ, ಇನ್ನೊಂದು ಕಡೆ ಬರೀ ಬಿಳಿ. ಅದರ ತಳದಲ್ಲೆಲ್ಲೋ ಕಾಡು. ಮೋಡ ಸರಿದಾಗ ಮರಗಳ ತಲೆಗಳು ಮುಳುಗಿದವರಂತೆ ಮೇಲೆ ಬಂದು ಮತ್ತೆ ಕಾಣೆಯಾಗುತ್ತಿದ್ದವು. ಬೆಟ್ಟದ ಕೆಮ್ಮಣ್ಣು ಡಾಂಬರಿನ ಮೇಲೆ ಹರಿದು ಹೊಸದಾಗಿ ಸಾರಿಸಿದ ನೆಲದಂತೆ ನುಣ್ಣಗಾಗಿತ್ತು.

"ಕನ್ನಡಿ. ಎರಡನೇ ಗೇರು. ಬ್ರೇಕು ಮೆಲ್ಲಗೆ," ಅಕ್ಕ ಗೊಣಗಿದಳು. ತಲೆಯಲ್ಲಿ ಬಿಳಿಕೂದಲು ಕಂಡ ಮೇಲೆ ಡ್ರೈವಿಂಗ್ ಶಾಲೆಗೆ ಸೇರಿದವಳು. ಅಲ್ಲಿ ಬಾಯಿಬಿಟ್ಟು ಹೇಳಿಸುತ್ತಿದ್ದುದನ್ನು ಇಂದಿಗೂ ಬಿಟ್ಟಿರಲಿಲ್ಲ.

"ಮಂತ್ರ ಹೇಳ್ತಾ ಹೋದ್ರೆ ನಾಡಿದ್ದು ತಲುಪ್ತೀವಿ."

"ತಲುಪ್ತೀವಲ್ಲ ಮಾವ, ಅಷ್ಟು ಸಾಕು."

ಹೇಳಿದಳೇ ಹೊರತು ಅವಳಿಗೇ ಧೈರ್ಯವಿರಲಿಲ್ಲ. ಇನ್ನೊಬ್ಬರಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಬೆಟ್ಟ ದಾಟಿರುತ್ತಿದ್ದರೇನೋ.

ಇಳಿಜಾರಿನ ತಿರುವು. ಮುಂದೆ ರಸ್ತೆಗೆ ಅಡ್ಡಲಾಗಿ ಕುಸಿದ ಕಲ್ಲು.

ಅಕ್ಕ ಬ್ರೇಕನ್ನು ಮೆಲ್ಲಗೆ ಒತ್ತಿದಳು. ಗಾಡಿ ವಿಧೇಯವಾಗಿ ನಿಧಾನವಾಯಿತು. ಕನ್ನಡಿ ನೋಡಿದಳು.

ಜೀಪಿನ ದೀಪಗಳು ದೊಡ್ಡವಾಗುತ್ತಿದ್ದವು. ಜೀಪು ನಿಧಾನವಾಗುತ್ತಲೇ ಇರಲಿಲ್ಲ!

ಮುಂದೆ ಕಲ್ಲು. ಬಲಕ್ಕೆ ಪ್ರಪಾತ. ಎಡಕ್ಕೆ ಬೆಟ್ಟದ ಬುಡದಲ್ಲಿ ಚೂರು ಅಗಲವಾದ ಜಾಗ.

ಅವಳು ಬ್ರೇಕು ಸಡಿಲಿಸಿ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿ ಗಾಡಿಯನ್ನು ಆ ಜಾಗಕ್ಕೆ ನುಗ್ಗಿಸಿದಳು. ಕಿಟಕಿಯ ಪಕ್ಕದಲ್ಲೇ ಜೀಪು ಜಾರಿಹೋಯಿತು. ಅದರ ಹಿಂಭಾಗ ಪ್ರಪಾತದ ಕಡೆ ತೂರಾಡಿತು, ಮರಳಿತು, ಕಲ್ಲುರಾಶಿಗೆ ಒರಗಿ ನಿಂತಿತು.

ಹಗ್ಗದಣ್ಣ ಇಳಿದು ಬಂದ. "ಬ್ರೇಕ್ ಹಾಕಿದ್ರೆ ಹಿಂದೆ ದೀಪನಾದ್ರೂ ಹತ್ಬೇಡ್ವಾ ಅಕ್ಕಾ? ಗಾಡಿ ನಿಲ್ತಿರೋದೇ ಗೊತ್ತಾಗ್ಲಿಲ್ಲ!"

ಮಾವ ಬ್ರೇಕಿನ ಮೇಲೆ ಕಾಲಿಟ್ಟ. ಅಕ್ಕ ಹಿಂದೆ ಹೋಗಿ ನೋಡಿದಳು. ದೀಪವೇನೋ ಹತ್ತಿತ್ತು. ಅವಳೇ ಎರಡೆರಡು ಗಂಟು ಹಾಕಿ ಬಿಗಿದ ಟಾರ್ಪಾಲಿನ ಅಂಚು ಕೆಳಗಿಳಿದು, ಎರಡೂ ಕೆಂಪು ದೀಪಗಳನ್ನು ಅಚ್ಚುಕಟ್ಟಾಗಿ ಮುಚ್ಚಿತ್ತು.

ಮಾವ ಇಳಿದು ಬಂದು ನೋಡಿದ. "ಅಲ್ವೇ, ಇದು ನೀರೊಳಗೇ ಮುಳುಗಿ ಬದುಕೋ ಪಂಪು. ಅದಕ್ಕೆ ನೆಗಡಿ ಆಗುತ್ತೆ ಅಂತ ಹೊದಿಕೆ ಹೊದಿಸಿದ್ದೀಯಾ?" ನಗಲು ಹೋದವನು ಟಾರ್ಪಾಲಿನ ಗಂಟಿಗೆ ಕೈಹಾಕಿದ. "ನಾನೂ ಪಕ್ಕದಲ್ಲೇ ನಿಂತು ನೋಡ್ತಿದ್ನಲ್ಲ."

ಅಕ್ಕ ಗಾಡಿಯ ಕೀಲಿ ಚಾಚಿದಳು. "ಹಗ್ಗದಣ್ಣ, ಇದನ್ನ ನೀವೇ ಓಡಿಸಿ. ನನ್ನಿಂದಾಗಲ್ಲ."

"ನಾನು ಬಾಲ ಹಿಡ್ಕೊಂಡು ಬರ್ತಿದ್ದೆ. ದೂರ ಬಿಟ್ಟಿದ್ರೆ ಹೀಗಾಗ್ತಿತ್ತಾ? ನಿಮ್ ತಪ್ಪು ನೀವು ತಿದ್ಕೊಳ್ಳಿ, ನಂದು ನಾನು ತಿದ್ಕೋತೀನಿ. ಹತ್ತಿ."

ಟಾರ್ಪಾಲು ಮಡಚಿ ಸೀಟಿನ ಕೆಳಗೆ ಹೋಯಿತು. ಮೂವರೂ ಸೇರಿ ಕಲ್ಲು ಸರಿಸಿದರು. ಈಗ ಪಂಪು ಬೆತ್ತಲೆಯಾಗಿ ಮಳೆಯಲ್ಲಿ ನೆನೆಯುತ್ತ ಹೊರಟಿತು. ಜೀಪಿನ ದೀಪಗಳು ದೂರದಲ್ಲಿ ಸಣ್ಣ ಚುಕ್ಕಿಗಳಾಗಿ ಹಿಂಬಾಲಿಸಿದವು.

ಕಣಿವೆಯ ತಳದಲ್ಲಿ ತಗ್ಗಿನ ಸೇತುವೆ. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು.

"ಗಾಡಿ ಭಾರ ಇದೆ, ಎಳೆಯಲ್ಲ. ನಡಿ," ಎಂದ ಮಾವ.

ಅಕ್ಕ ಇಳಿದು ದಪ್ಪ ಕೊಂಬೆಯೊಂದನ್ನು ನೀರಿಗೆಸೆದಳು. ಹೊಳೆ ಅದನ್ನು ಕಸಿದುಕೊಂಡು ಹೋಯಿತು.

"ದಾಟಲ್ಲ."

"ಒಳಗಿರೋದು ನಿನ್ನ ತಮ್ಮ ಕಣೇ!"

"ಅದಕ್ಕೇ ದಾಟಲ್ಲ. ಪಂಪು ಹೊಳೆ ಪಾಲಾದ್ರೆ ಅವನಿಗೆ ಏನು ತಗೊಂಡು ಹೋಗ್ಲಿ?"

ಅಕ್ಕನಿಗೆ ಅಳು ಒತ್ತಿಬಂದಿತ್ತು. ಆದರೂ ದಡದಲ್ಲಿ ಅತ್ತಿತ್ತ ನಡೆದು ನೀರನ್ನೇ ನೋಡಿದಳು. ಸೇತುವೆಗೆ ಹೊಳೆ ಬರುವ ಬದಿಯಲ್ಲಿ ನೀರು ಕೆರೆಯಂತೆ ನಿಂತಿತ್ತು. ಹೊಳೆ ಹೋಗುವ ಬದಿಯಲ್ಲಿ, ಸೇತುವೆಯಡಿಯ ಸಿಮೆಂಟಿನ ಕೊಳವೆಯಿಂದ ಬರುತ್ತಿದ್ದುದು ನಲ್ಲಿಯಷ್ಟು ನೀರು.

"ಮಾವ, ಇದು ಹೊಳೆ ತುಂಬಿರೋದಲ್ಲ. ಕೊಳವೆ ಕಟ್ಟಿಕೊಂಡಿರೋದು!"

ಕಿತ್ತುಬಂದ ಮರವೊಂದು ಕೊಳವೆಯ ಬಾಯಿಗೆ ಬೇರುಸಮೇತ ಸಿಕ್ಕಿಕೊಂಡಿತ್ತು. ಹಗ್ಗದಣ್ಣ ದಡದಿಂದಲೇ ಹಗ್ಗ ಕಟ್ಟಿದ ಕೊಕ್ಕೆ ಬೀಸಿದ. ತಪ್ಪಿತು. ಮತ್ತೆ ಬೀಸಿದ. ಮೂರನೆಯ ಸಲ ಬೇರಿಗೆ ಕಚ್ಚಿಕೊಂಡಿತು. ಹಗ್ಗದ ಇನ್ನೊಂದು ತುದಿ ಜೀಪಿಗೆ.

"ದೂರ ನಿಲ್ಲಿ!"

ಜೀಪು ಹಿಂದಕ್ಕೆ ಎಳೆಯಿತು. ಹಗ್ಗ ತಂತಿಯಾಯಿತು. ಮರ ನರಳಿತು, ಹೊರಳಿತು, ಕೆಸರು ಕಾರುತ್ತ ಕಿತ್ತುಬಂತು. ಕೊಳವೆಯಲ್ಲಿ ನೀರು ಗುಡುಗಿ ನುಗ್ಗಿತು. ನೋಡನೋಡುತ್ತ ಸೇತುವೆಯ ಬೆನ್ನು ಮೇಲೆದ್ದಿತು.

ಮಾವ ಕೋಲು ಊರುತ್ತ ಅಂಚಿನಿಂದ ಅಂಚಿಗೆ ನಡೆದು, ಗಟ್ಟಿಯಿದೆಯೆಂದು ಕೈಬೀಸಿದ. ಮೊದಲ ಗೇರಿನಲ್ಲೇ ಅಕ್ಕ ದಾಟಿದಳು. ಆಚೆ ಒದ್ದೆ ಬ್ರೇಕನ್ನು ಮೆಲ್ಲಗೆ ಒತ್ತಿಒತ್ತಿ ಒಣಗಿಸಿಕೊಂಡಳು. ಮಾವ ಗೊಣಗಲಿಲ್ಲ. "ಗೇರು ಬದಲಾಯಿಸು," ಎಂದು ತಾನೇ ಹೇಳಿಕೊಟ್ಟ.

ಗುಹೆಯ ಬಾಯಿಯಲ್ಲಿ ಇನ್ನೂ ಬೆಳಕಿತ್ತು. ಪಂಪು ನೀರಿಗಿಳಿಯಿತು. ಮಾವ ಪೈಪಿಗೆ ಕಿವಿಯಿಟ್ಟು ಬೆರಳೆತ್ತಿದ. ಪೈಪು ಕೆಮ್ಮಿತು, ಉಗುಳಿತು, ಮತ್ತೆ ಧೋ ಎಂದು ಸುರಿಸಿತು. ಒಳಗಿನ ನೀರು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಯಿತು. ಹಗ್ಗದಣ್ಣ ಒಳಗೆ ಹೋದ.

ಬಹಳ ಹೊತ್ತು ನೀರಿನ ಸದ್ದೊಂದೇ. ಆಮೇಲೆ ಒಂದು ಟಾರ್ಚು, ಅದರ ಹಿಂದೆ ಸಾಲಾಗಿ ಕೆಸರಿನ ಮುಖಗಳು.

"ನೀನು ತಡ ಮಾಡ್ದೆ ಅಕ್ಕಾ," ಎಂದ ತಮ್ಮ, ಹಲ್ಲು ಕಟಕಟಿಸುತ್ತ.

"ಮಳೆ ಅಲ್ವೇನೋ," ಎಂದಳು ಅಕ್ಕ. ಸೀಟಿನ ಕೆಳಗಿಂದ ಟಾರ್ಪಾಲು ಎಳೆದು, ಅವನಿಗೂ ಅವನ ಜೊತೆಗಾರರಿಗೂ ಸೇರಿಸಿ ಹೊದಿಸಿದಳು.

ಈಗಲೇ ಇಳಿಯೋಣವೆಂದರು ಕೆಲವರು. "ಕತ್ತಲಲ್ಲಿ, ಈ ಮಳೆಯಲ್ಲಿ ನಾನು ಗಾಡಿ ಇಳಿಸಲ್ಲ," ಎಂದಳು ಅಕ್ಕ. ಮಾವನೇ ಮೊದಲು ಬೆಟ್ಟದ ಮೇಲಿನವರು ಹಾಕಿದ್ದ ಡೇರೆಯೊಳಗೆ ಹೋಗಿ ಕಾಲು ಚಾಚಿದ.

ಬೆಳಗ್ಗೆ ಮಳೆ ತೆಳುವಾಗಿತ್ತು. ಮಾವನೂ ಸೇರಿ ಉಳಿದವರೆಲ್ಲ ಜೀಪಿನಲ್ಲಿ, ತಮ್ಮ ಮಾತ್ರ ಅಕ್ಕನ ಪಕ್ಕದಲ್ಲಿ, ಟಾರ್ಪಾಲು ಸುತ್ತಿಕೊಂಡು ಬೆಚ್ಚಗೆ ಕೂತಿದ್ದ. ಹಿಂದೆ ಪಂಪು ಹಾಯಾಗಿ ನೆನೆಯುತ್ತಿತ್ತು. ಇಳಿಜಾರಿನ ತಿರುವೊಂದು ಬಂತು. ತನ್ನ ಗೇರು-ಬ್ರೇಕಿನ ಮಂತ್ರ ಹೊರಬೀಳದಂತೆ ಅಕ್ಕ ತುಟಿ ಬಿಗಿಹಿಡಿದಿದ್ದಳು. ತಮ್ಮ ನಕ್ಕಾನು ಎಂಬ ಸಂಕೋಚ.

"ಕನ್ನಡಿ," ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ.

ಅಕ್ಕ ಕನ್ನಡಿ ನೋಡಿದಳು. ಬ್ರೇಕು ಮೆಲ್ಲಗೆ ಒತ್ತಿದಳು. ದೂರದಲ್ಲಿ ಜೀಪು ತಾನೂ ನಿಧಾನವಾಯಿತು.